ಸೇತುರಾಮನ ಎಣ್ಣೆ ಬ್ರೇಕು

ಭಾನುವಾರ ಬೆಳಿಗ್ಗೆ ಸತ್ಯವತಿ ಬಾಗಿಲ ಮುಂದೆ ನೀರು ಚಿಮುಕಿಸಿ, ಚುಕ್ಕಿ ಇಟ್ಟು, ರಂಗೋಲಿಯ ಮೊದಲನೆಯ ಎಳೆ ಎಳೆಯುತ್ತಿದ್ದಾಗ ಕಾರಿನ ಅಡಿಯಿಂದ ಒಂದು ಕೂಗು ಬಂತು.

"ಅಮ್ಮಾವ್ರೇ, ಒಸಿ ಬಂದು ಬ್ರೇಕ್ ಒತ್ತಿ. ಸಾರ್ ಕೈಲಿ ಆಗಲ್ಲ."

ಕೂಗಿದವನು ಮೆಕ್ಯಾನಿಕ್ ಲಕ್ಷ್ಮೀಪತಿ. ಕಾರಿನ ಕೆಳಗೆ ಅಂಗಾತ ಮಲಗಿದ್ದ ಅವನ ಕಾಲುಗಳು ಮಾತ್ರ ಹೊರಗೆ ಕಾಣುತ್ತಿದ್ದವು. ಕಾರಿನ ಒಳಗೆ ಸ್ಟಿಯರಿಂಗ್ ಹಿಡಿದು, ಮೆರವಣಿಗೆಗೆ ಹೊರಟವನ ಹಾಗೆ ಕೂತಿದ್ದವನು ಸತ್ಯವತಿಯ ಗಂಡ ಸೇತುರಾಮ.

"ನನ್ನ ಕೈಲಿ ಯಾಕಪ್ಪಾ ಆಗಲ್ಲ? ಇಷ್ಟೊತ್ತೂ ಒತ್ತಿದ್ದು ಯಾರು?"

"ಒತ್ತಿ ಅಂದಾಗ ಬಿಡ್ತೀರಿ ಸಾರ್, ಬಿಡಿ ಅಂದಾಗ ಒತ್ತುತ್ತೀರಿ. ಕೊಳವೆಯಿಂದ ಗಾಳಿ ಹೋಗ್ಬೇಕು. ಅದು ಬಿಟ್ಟು ನನ್ನ ಮುಖದ ಮೇಲೆ ಎಣ್ಣೆ ಬರ್ತಿದೆ."

ಸತ್ಯವತಿ ರಂಗೋಲಿ ಬಟ್ಟಲನ್ನು ಹೊಸಿಲ ಮೇಲಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಗಂಡನನ್ನು ಪಕ್ಕಕ್ಕೆ ಸರಿಸಿ ಕೂತಳು. ಒತ್ತು ಎಂದಾಗ ಒತ್ತುವುದು, ಬಿಡು ಎಂದಾಗ ಬಿಡುವುದು ಅತ್ತೆ ಮತ್ತು ಗಂಡ ಇಬ್ಬರೂ ಇರುವ ಮನೆಯಲ್ಲಿ ಸಂಸಾರ ಮಾಡಿದವಳಿಗೆ ಹೊಸ ವಿದ್ಯೆಯೇನಲ್ಲ. ಒಲೆಯ ಮೇಲಿನ ಹಾಲು ಉಕ್ಕುವಷ್ಟರಲ್ಲಿ ಲಕ್ಷ್ಮೀಪತಿ ಹೊರಗೆ ಬಂದು ಮುಖ ಒರೆಸಿಕೊಂಡು, "ನೋಡಿ ಸಾರ್, ಹೆಣ್ಮಕ್ಕಳ ಕಾಲಲ್ಲಿ ಒಂದು ಲೆಕ್ಕ ಇರತ್ತೆ," ಎಂದ. ಆ ಲೆಕ್ಕಕ್ಕೆ ಹಾಲು ಅರ್ಧ ಪಾತ್ರೆ ಉಕ್ಕಿ ಹೋಗಿತ್ತು.

ಆ ಕಾರು ಹೇಗೆ ಬಂತು, ಅದಕ್ಕೆ ಹೊಸ ಬ್ರೇಕು ಯಾಕೆ ಬೇಕಾಯಿತು ಎಂಬುದನ್ನು ಇಲ್ಲೇ ಹೇಳಿಬಿಡಬೇಕು.

ಕಾರು ಸೇತುರಾಮನ ಸೋದರಮಾವ ಪದ್ಮನಾಭಯ್ಯನವರದು. ಬಿಳಿ ದೊರೆಯೊಬ್ಬ ತನ್ನ ದೇಶಕ್ಕೆ ಹಿಂತಿರುಗುವಾಗ ಅವರಿಗೆ ಬಿಟ್ಟುಹೋದದ್ದು. ಅವರ ಕೊಟ್ಟಿಗೆಯಲ್ಲಿ ಬಹಳ ಕಾಲ ನಿಂತಿತ್ತು. ಹಿಂದಿನ ಸೀಟಿನಲ್ಲಿ ತಲೆಮಾರುಗಟ್ಟಲೆ ಬೆಕ್ಕುಗಳು ಮರಿ ಹಾಕಿದ್ದವು. ಹಸುವಿಗೆ ಜಾಗ ಬೇಕಾದಾಗ ಪದ್ಮನಾಭಯ್ಯನವರು ಸೋದರಳಿಯನನ್ನು ಕರೆದು, "ತೊಗೊಂಡು ಹೋಗೋ ಸೇತು, ನಿನ್ನ ಯೋಗ್ಯತೆಗೆ ಒಂದು ಕಾರು ಇರ್ಲಿ," ಎಂದರು. ಸೇತುರಾಮ ಸರ್ಕಾರಿ ಕಛೇರಿಯ ಗುಮಾಸ್ತ. ರಾಜಾಜಿನಗರದ ಆ ಬೀದಿಗೆ ಇನ್ನೂ ದೀಪದ ಕಂಬ ಬಂದಿರಲಿಲ್ಲ, ಕಾರು ಬಂತು. ಅಂದಿನಿಂದ ಸೇತುರಾಮ ತರಕಾರಿ ತರಲು ನಡೆದುಹೋದರೂ ಕಾರಿನ ಬೀಗದ ಕೈಯನ್ನು ಬೆರಳಿಗೆ ಸಿಕ್ಕಿಸಿಕೊಂಡು ತಿರುಗಿಸುತ್ತಲೇ ಹೋಗುತ್ತಿದ್ದ.

ಕಾರಿಗೆ ಬ್ರೇಕು ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಇತ್ತು. ಕಾಲಿನಿಂದ ಒತ್ತಿದರೆ ಒಂದು ಸರಳು ಇನ್ನೊಂದು ಸರಳನ್ನು ಎಳೆದು, ಅದು ಒಂದು ತಂತಿಯನ್ನು ಎಳೆದು, ತಂತಿಯು ನಿಧಾನವಾಗಿ ಚಕ್ರಕ್ಕೆ ಸುದ್ದಿ ಮುಟ್ಟಿಸುತ್ತಿತ್ತು. ಸುದ್ದಿ ಮುಟ್ಟುವ ಹೊತ್ತಿಗೆ ಕಾರು ಮುಂದಿನ ಅಡ್ಡರಸ್ತೆಯಲ್ಲಿರುತ್ತಿತ್ತು. ಆದರೆ ಆಗ ರಾಜಾಜಿನಗರದಲ್ಲಿ ಮನೆಗಳಿಗಿಂತ ಮರಳಿನ ಗುಡ್ಡೆಗಳೇ ಹೆಚ್ಚು. ಸೇತುರಾಮ ಸಂಜೆ ಕಛೇರಿಯಿಂದ ಬರುವಾಗ ಹಿಟ್ಟಿನ ಗಿರಣಿಯ ಹತ್ತಿರವೇ ಎಂಜಿನ್ ಆರಿಸಿ, ಇಳಿಜಾರಿನಲ್ಲಿ ತೇಲಿಬಂದು, ಎದುರುಗಡೆ ವಿಮಲಮ್ಮನವರು ಕಟ್ಟಿಸುತ್ತಿದ್ದ ಮನೆಯ ಮರಳಿನ ಗುಡ್ಡೆಗೆ ಕಾರಿನ ಮೂತಿ ಊರಿ ನಿಲ್ಲಿಸುತ್ತಿದ್ದ. ಗಾರೆ ಕೆಲಸದವರು ಮನೆಗೆ ಹೋಗುವ ಮುಂಚೆ ಆ ಗುಡ್ಡೆಯನ್ನು ಕಾರಿಗೆ ಸರಿಹೋಗುವಂತೆ ಕೂಡಿಟ್ಟು ಹೋಗುವುದು ರೂಢಿಯಾಗಿತ್ತು.

ಮನೆಗಳಿಗೆ ಒಂದು ಕೆಟ್ಟ ಗುಣವಿದೆ. ಕಟ್ಟುತ್ತಾ ಹೋದರೆ ಒಂದು ದಿನ ಮುಗಿದುಬಿಡುತ್ತವೆ. ವಿಮಲಮ್ಮನವರ ಗೃಹಪ್ರವೇಶ ಮುಗಿದ ಮಾರನೆಯ ಸಂಜೆ ಮರಳು ಇರಲಿಲ್ಲ. ಮರಳಿದ್ದ ಕಡೆ ಸುಣ್ಣ ಬಳಿದ ಕಾಂಪೌಂಡು ಗೋಡೆ ಇತ್ತು. ಅದನ್ನು ಸೇತುರಾಮ ನೋಡಿದ. ಕಾರು ನೋಡಲಿಲ್ಲ.

"ಸೇತುರಾಮಯ್ಯನೋರೇ," ಎಂದರು ವಿಮಲಮ್ಮ, ಬಿದ್ದ ಇಟ್ಟಿಗೆಗಳ ನಡುವೆ ನಿಂತು, "ನಿಮ್ಮ ಕಾರು ನಿಲ್ಲಲಿ ಅಂತ ನಾನು ವರ್ಷಕ್ಕೊಂದು ಮನೆ ಕಟ್ಟಿಸಕ್ಕಾಗತ್ತಾ?"

ಆ ಮಾತಿಗೆ ಉತ್ತರವಾಗಿ ಬಂದದ್ದೇ ಲಕ್ಷ್ಮೀಪತಿಯ ಎಣ್ಣೆ ಬ್ರೇಕು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ ಜೀಪಿನ ಸಾಮಾನು. ಸರಳಿಲ್ಲ, ತಂತಿಯಿಲ್ಲ, ಕೊಳವೆಯ ತುಂಬ ಎಣ್ಣೆ. ಇಲ್ಲಿ ಒತ್ತಿದರೆ ಎಣ್ಣೆ ಅಲ್ಲಿ ಹೋಗಿ ಚಕ್ರವನ್ನು ಹಿಡಿಯುತ್ತದೆ. ಸೇತುರಾಮ ಇದನ್ನು ಬೀದಿಗೆಲ್ಲ ವಿವರಿಸಿದ. ಬೀದಿ ನಂಬಲಿಲ್ಲ.

"ಎಣ್ಣೆ ಹಾಕಿದ್ರೆ ಜಾರತ್ತೋ, ನಿಲ್ಲತ್ತೋ?" ಎಂದರು ವಿಮಲಮ್ಮ.

ಹಾಲು ಹಾಕುವ ಮುನಿವೆಂಕಟಪ್ಪ ಹಳೆಯ ಹಳ್ಳಿಯವನು. ಬಡಾವಣೆಯ ಬ್ಲಾಕುಗಳು ಬರುವ ಮುಂಚೆ ಅಲ್ಲೆಲ್ಲ ರಾಗಿ ಬೆಳೆದವನು. ಅವನು ಅಳತೆ ಪಾವು ಹಿಡಿದು ನಿಂತು ಬಹಳ ಯೋಚಿಸಿ ಹೇಳಿದ: "ಸೋಮಿ, ನಮ್ಮಪ್ಪನ ಕಾಲದಿಂದ ನಾವು ಗಾಡಿ ಕೀಲಿಗೆ ಹರಳೆಣ್ಣೆ ಹಾಕ್ತಾ ಇದೀವಿ. ಓಡ್ಲಿ ಅಂತ ಹಾಕೋದು. ನಿಲ್ಲಲಿ ಅಂತ ಹಾಕಿದ್ದು ನೀವೊಬ್ರೇಯ."

"ಇದು ಸೈನ್ಸು ಕಣಯ್ಯಾ ಮುನಿವೆಂಕಟಪ್ಪ!"

"ಇರ್ಬೌದು ಬುಡಿ. ನಮ್ಮ ಎಮ್ಮೆಗಳ್ನ ಮಾತ್ರ ಆ ಕಡೆ ರಸ್ತೇಲಿ ಹೊಡ್ಕೊಂಡ್ ಹೋಯ್ತೀನಿ."

ಮುಖ್ಯವಾದ ತಪ್ಪು ಶನಿವಾರ ಸಂಜೆ ನಡೆಯಿತು. ಬ್ರೇಕ್ ಎಣ್ಣೆ ತುಂಬಲು ಲಕ್ಷ್ಮೀಪತಿ ಒಂದು ಸೀಸೆ ಕೇಳಿದ. ಮನೆಯಲ್ಲಿದ್ದ ಸೀಸೆಗಳೆಲ್ಲ ಡಾಕ್ಟರ್ ಚನ್ನವೀರಪ್ಪನವರ ಮಿಕ್ಸ್ಚರ್ ಸೀಸೆಗಳು, ಎಲ್ಲ ಒಂದೇ ಅಚ್ಚು. ಅಂಥದೊಂದರಲ್ಲಿ ಎಣ್ಣೆ ತುಂಬಿಸಿ, "ಧೂಳು ಬೀಳದ ಕಡೆ ಇಡಿ ಸಾರ್," ಎಂದು ಹೇಳಿ ಅವನು ಹೋದ. ಬೀದಿ ತುಂಬ ಮನೆ ಕಟ್ಟುತ್ತಿದ್ದ ಆ ದಿನಗಳಲ್ಲಿ ಧೂಳು ಬೀಳದ ಜಾಗವೆಂದರೆ ಅಡುಗೆಮನೆಯ ಮೇಲಿನ ಹಲಗೆಯೊಂದೇ. ಸೇತುರಾಮ ಅಲ್ಲಿಟ್ಟ. ಅದರ ಪಕ್ಕದಲ್ಲೇ ಅಂಥದೇ ಸೀಸೆಯಲ್ಲಿ ಅವನ ತಾಯಿ ಅನಂತಲಕ್ಷ್ಮಮ್ಮನವರ ಹರಳೆಣ್ಣೆ ಇತ್ತು.

ಹರಳೆಣ್ಣೆ ಯಾಕೆಂದರೆ, ಮಾರನೆಯ ದಿನ ನಳಿನಿಗೆ ಭೇದಿಗೆ ಕೊಡುವ ಭಾನುವಾರ. ನಳಿನಿ ಸತ್ಯವತಿಯ ಒಬ್ಬಳೇ ಮಗಳು, ಆರು ವರ್ಷದವಳು. ತಿಂಗಳಿಗೊಮ್ಮೆ ಮಕ್ಕಳ ಹೊಟ್ಟೆ ತೊಳೆಯದಿದ್ದರೆ ಲೋಕದ ರೋಗಗಳೆಲ್ಲ ವಿಳಾಸ ಕೇಳಿಕೊಂಡು ಬರುತ್ತವೆ ಎಂದು ಅತ್ತೆಯವರ ನಂಬಿಕೆ. ಎಳೆಕೂಸಿಗೆ ಹಾಲು ಹಾಕುವ, ಮೂತಿ ಉದ್ದದ ಬೆಳ್ಳಿಯ ಒಳಲೆಯಲ್ಲೇ ಅವರು ಇನ್ನೂ ಮೊಮ್ಮಗಳಿಗೆ ಎಣ್ಣೆ ಹಾಕುತ್ತಿದ್ದರು. ಆ ಒಳಲೆ ಅವರ ತವರಿನದು. ಮಾಮೂಲಾಗಿ ಆ ಕೆಲಸಕ್ಕೆ ಮೂರು ಜನ ಬೇಕು: ಒಬ್ಬರು ಕೈ ಹಿಡಿಯಲು, ಒಬ್ಬರು ಮೂಗು ಹಿಡಿಯಲು, ಒಬ್ಬರು ಒಳಲೆ ಹಿಡಿಯಲು. ಮುಗಿದ ಮೇಲೆ ಬಾಯಿಗೆ ಒಂದು ಉಂಡೆ ಬೆಲ್ಲ.

ಈಗ ಭಾನುವಾರಕ್ಕೆ ಬರೋಣ. ಗಾಳಿ ತೆಗೆಯುವ ಕೆಲಸ ಮುಗಿದ ಮೇಲೆ ಲಕ್ಷ್ಮೀಪತಿ ಕಾಫಿ ಕುಡಿದು, ಉಪ್ಪಿಟ್ಟು ತಿಂದು, ಒಂದು ನಟ್ಟು ಸವೆದಿದೆ, ಶೆಡ್ಡಿನಿಂದ ತರುತ್ತೇನೆ ಎಂದು ಸೈಕಲ್ ಹತ್ತಿದ. ಹತ್ತುವ ಮುಂಚೆ ಡ್ರೈವರಿನ ಕಾಲ ಕೆಳಗಿನ ಹಲಗೆಯನ್ನು ತೋರಿಸಿ, "ಎಣ್ಣೆ ಡಬ್ಬಿ ಇಲ್ಲಿದೆ ಸಾರ್. ಮುಚ್ಚಳ ಹಾಕ್ಬೇಡಿ, ಗುಳ್ಳೆ ಮೇಲಕ್ಕೆ ಬರ್ಲಿ," ಎಂದ. ಸೇತುರಾಮ ಗುಳ್ಳೆಗಳಿಗೆ ಯಾವ ಅಡ್ಡಿಯನ್ನೂ ಮಾಡದೆ ಕ್ಷೌರಕ್ಕೆ ಕೂತ.

ಸತ್ಯವತಿ ಅರ್ಧ ಬಿಟ್ಟ ರಂಗೋಲಿಗೆ ಹಿಂತಿರುಗಿದ್ದಳು. ಒಳಗಿನಿಂದ ಅತ್ತೆಯವರು ಸಂಭ್ರಮದಿಂದ ಹೊರಗೆ ಬಂದರು.

"ಸತ್ಯಾ, ಕೇಳಿದ್ಯೇನೇ? ಎಣ್ಣೆ ಒಳಲೆಗೆ ಬಗ್ಗಿಸಿ ಕೈಗೆ ಕೊಟ್ಟಿದ್ದೆ. ಅಷ್ಟರಲ್ಲಿ ವಿಮಲಮ್ಮ ಹೆಪ್ಪಿಗೆ ಮಜ್ಜಿಗೆ ಕೇಳ್ಕೊಂಡು ಬಂದ್ರು. ಕುಡಿದಿರು ಬಂದೆ ಅಂತ ಹೋಗಿ ಬರೋಷ್ಟರಲ್ಲಿ ಮಗು ತಾನೇ ಕುಡಿದು ಬಾಯಿ ಒರೆಸ್ಕೊಂಡು ನಿಂತಿದೆ ಕಣೇ! ಅಳು ಇಲ್ಲ, ರಂಪ ಇಲ್ಲ. ಎರಡು ಉಂಡೆ ಬೆಲ್ಲ ಕೊಟ್ಟೆ."

"ತಾನೇ ಕುಡಿದಳಾ ಅತ್ತೆ?"

"ತಾನೇ! ದೊಡ್ಡೋಳಾಗ್ಬಿಟ್ಲು. ಆ ಒಳಲೆ ಎಲ್ಲಿಟ್ಲೋ ಕಾಣಿಸ್ತಿಲ್ಲ, ಮುಸುರೆ ಜೊತೆ ಹೋಗಿದ್ಯಾ ನೋಡು."

ನಳಿನಿ ಬಾಗಿಲ ಮರೆಯಲ್ಲಿ ನಿಂತಿದ್ದಳು. ಅಮ್ಮ ಒಬ್ಬಳೇ ಆದಾಗ ಹತ್ತಿರ ಬಂದು, "ಅಮ್ಮಾ, ಕಾರಿಗೆ..." ಎಂದಳು.

"ಕಾರಿನ ಹತ್ರ ಹೋಗ್ಬೇಡ ಕಂದ, ಫ್ರಾಕ್ ಮಸಿ ಆಗತ್ತೆ," ಎಂದಳು ಸತ್ಯವತಿ, ಎಳೆ ಸೊಟ್ಟಗಾಗದ ಹಾಗೆ ನೋಡಿಕೊಳ್ಳುತ್ತಾ.

ಆಮೇಲೆ ಮನೆಯವರೆಲ್ಲ ಕಾಯುತ್ತಾ ಕೂತರು. ಹರಳೆಣ್ಣೆ ಕುಡಿದ ಮೇಲೆ ಆಗಬೇಕಾದ್ದು ಆಗಲೇಬೇಕಲ್ಲ. ಅತ್ತೆಯವರು ಬಿಸಿನೀರು ಕಾಯಿಸಿಟ್ಟರು. ಮೆಣಸಿನ ಸಾರಿಗೆ ಬೇಳೆ ಹಾಕಿದರು. ನಳಿನಿ ಕುಂಟಾಬಿಲ್ಲೆ ಆಡುತ್ತಿದ್ದಳು. ವಿಮಲಮ್ಮ ಗೋಡೆಯ ಮೇಲಿಂದ ತಲೆ ಹಾಕಿ, "ಆಯ್ತಾ?" ಎಂದು ಕೇಳಿದರು.

"ಇನ್ನೂ ಇಲ್ಲ, ಒಂದು ನಟ್ಟು ಬಾಕಿ ಇದೆ," ಎಂದ ಸೇತುರಾಮ, ಗಲ್ಲದ ಸೋಪು ಒರೆಸಿಕೊಳ್ಳುತ್ತಾ.

ವಿಮಲಮ್ಮ ಅವನನ್ನು ಬಹಳ ಹೊತ್ತು ನೋಡಿ ಒಳಗೆ ಹೋದರು.

ಬಿಸಿಲು ಏರಿದ ಮೇಲೆ ಲಕ್ಷ್ಮೀಪತಿ ನಟ್ಟು ಹಿಡಿದು ಬಂದ. ಕಾರಿನೊಳಗೆ ಬಗ್ಗಿದವನು ಅಲ್ಲೇ ನಿಂತ.

"ಸಾರ್, ಡಬ್ಬಿ ತುಳುಕ್ತಾ ಇದೆ. ನಾನು ಒಂದು ಬೆರಳು ಕೆಳಗೇ ಬಿಟ್ಟಿದ್ದೆ." ಬೆರಳು ಅದ್ದಿ, ಹೆಬ್ಬೆರಳಿಗೆ ತಾಗಿಸಿ ಎಳೆದ. ಎಣ್ಣೆ ನೂಲಿನ ಹಾಗೆ ಬಂತು. "ಇದು ನನ್ನ ಎಣ್ಣೆ ಅಲ್ಲ ಸಾರ್. ನನ್ನದು ನೀರಿನ ಹಾಗಿತ್ತು. ಇದು ಅಂಟು. ಇದು ಮನೇಲಿ ಮಾಡಿದ ಹರಳೆಣ್ಣೆ!"

ಸೇತುರಾಮನ ಬದುಕಿನಲ್ಲಿ ಏನೇ ಕೆಟ್ಟರೂ ಅದಕ್ಕೆ ಕಾರಣ ಸೇತುರಾಮನೇ ಆಗಿರುತ್ತಿದ್ದ. ಇದು ಅವನಿಗೂ ಅಭ್ಯಾಸವಾಗಿತ್ತು. ಹಾಗಾಗಿ ಬೇರೆ ಯಾರನ್ನೂ ಶಂಕಿಸದೆ ತಲೆಯ ಮೇಲೆ ಕೈ ಇಟ್ಟುಕೊಂಡ.

"ಅಯ್ಯೋ! ಬೆಳಿಗ್ಗೆ ನಾನು ನಿನಗೆ ತಂದುಕೊಟ್ಟಿದ್ದು ಅಮ್ಮನ ಸೀಸೆ ಇರ್ಬೇಕು ಕಣಯ್ಯಾ. ಎರಡೂ ಪಕ್ಕದಲ್ಲೇ ಇತ್ತು."

"ಹಾಗಾದ್ರೆ ಬ್ರೇಕ್ ಎಣ್ಣೆ ಸೀಸೆ ಎಲ್ಲಿ?"

"ಅಡುಗೆಮನೆ ಹಲಗೆ ಮೇಲೆ."

ಕೈಯಲ್ಲಿ ಮೊರ ಹಿಡಿದು ನಿಂತಿದ್ದ ಸತ್ಯವತಿ ನಿಧಾನವಾಗಿ ಅತ್ತೆಯವರ ಕಡೆ ತಿರುಗಿದಳು. ಅತ್ತೆಯವರ ಮುಖ ಸುಣ್ಣದ ಗೋಡೆಯಾಗಿತ್ತು.

"ನಾನು... ಹಲಗೆ ಮೇಲಿದ್ದ ಸೀಸೆಯಿಂದಲೇ ಬಗ್ಗಿಸಿದೆ," ಎಂದರು. "ಒಂದೇ ಸೀಸೆ ಇತ್ತು."

"ವಾಸನೆ ನೋಡ್ಲಿಲ್ವಾ ಅಮ್ಮಾ?" ಎಂದ ಸೇತುರಾಮ.

"ನಸ್ಯ ಏರಿಸೋ ಮೂಗಿಗೆ ವಾಸನೆ ಎಲ್ಲಿಂದ ಬರ್ಬೇಕೋ! ನನಗೆ ಕರ್ಪೂರಾನೂ ಒಂದೇ, ಸೀಮೆಎಣ್ಣೆನೂ ಒಂದೇ!"

"ಸೀಸೆ ತನ್ನಿ ಸಾರ್, ಒಂದು ತೊಟ್ಟು ಮುಟ್ಟಿ ನೋಡಿದ್ರೆ ಹೇಳ್ತೀನಿ," ಎಂದ ಲಕ್ಷ್ಮೀಪತಿ.

ಇದು ಬುದ್ಧಿವಂತಿಕೆಯ ಮಾತು. ಆದರೆ ಸೀಸೆ ತರಲು ಹೋದವನು ಸೇತುರಾಮ. ತಾನೂ ಡಬ್ಬಿಯ ಎಣ್ಣೆ ಮುಟ್ಟಿ ನೋಡಿದ್ದ ಕೈಯಲ್ಲೇ ಹಲಗೆಯಿಂದ ಸೀಸೆ ಎತ್ತಿದ. ಅದು ಮೀನಿನ ಹಾಗೆ ನುಣುಚಿ, ಪಾತ್ರೆ ತೊಳೆಯುವ ಬಚ್ಚಲ ಕಲ್ಲಿನ ಮೇಲೆ ಬಿದ್ದು ಚೂರಾಯಿತು. ಅಲ್ಲಿ ಆಗತಾನೇ ಮುಸುರೆ ತೊಳೆದ ನೀರು ಹರಿಯುತ್ತಿತ್ತು. ಎಣ್ಣೆ ನೀರಿನ ಜೊತೆ ಮೋರಿಯ ದಾರಿ ಹಿಡಿಯಿತು. ಲಕ್ಷ್ಮೀಪತಿ ಓಡಿಬಂದು ಕಲ್ಲು ಸವರಿದ. ಬೆರಳಿಗೆ ಸಿಕ್ಕಿದ್ದು ಬೂದಿ ಮತ್ತು ಹುಣಸೆಹಣ್ಣು.

"ಸಾಕ್ಷಿ ಹೋಯ್ತು," ಎಂದ.

ಗದ್ದಲಕ್ಕೆ ವಿಮಲಮ್ಮ ಬಂದಿದ್ದರು. ವಿಷಯ ಕೇಳಿ ನಳಿನಿಯನ್ನು ಎಳೆದು ನಿಲ್ಲಿಸಿಕೊಂಡು, "ಹೇಳಮ್ಮಾ, ಎಣ್ಣೆ ರುಚಿ ಹೇಗಿತ್ತು? ಕಹಿ ಇತ್ತಾ? ಖಾರ ಇತ್ತಾ?" ಎಂದು ಕೇಳಿದರು.

"ಗೊತ್ತಿಲ್ಲ," ಎಂದಳು ನಳಿನಿ, ನೆಲ ನೋಡುತ್ತಾ.

"ಕೇಳಿದ್ರಾ! ರುಚಿ ಗೊತ್ತಾಗ್ತಿಲ್ಲ! ನಾಲಿಗೆ ಸತ್ತುಹೋಗಿದೆ ಮಗೂಗೆ!"

ಅತ್ತೆಯವರು ಮನೆದೇವರಿಗೆ ಹರಕೆ ಹೊತ್ತರು. ಸೇತುರಾಮ ಮಗಳ ಮುಂದೆ ಮಂಡಿಯೂರಿ ನಾಲಿಗೆ ಹಿಡಿದು ನೋಡಲು ಹೋದ. ಸತ್ಯವತಿ ಮೊರವನ್ನು ಎಲ್ಲಿಟ್ಟಳೋ ಅವಳಿಗೇ ತಿಳಿಯದು; ಮಗಳನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡಿದ್ದಳು. ಮಗು ಬೆಚ್ಚಗಿತ್ತು, ಮೈಯೆಲ್ಲ ಬೆಲ್ಲದ ವಾಸನೆ.

"ಅಪ್ಪಾ, ಕಾರಿಗೆ..." ಎಂದಳು ನಳಿನಿ.

"ಕಾರು ಹಾಳಾಗಿ ಹೋಗ್ಲಿ ಮಗಳೇ!" ಎಂದು ಸೇತುರಾಮ ಅತ್ತೇಬಿಟ್ಟ. ಕಾರಿನ ಬಗ್ಗೆ ಅವನು ಅಂಥ ಮಾತಾಡಿದ್ದು ಅದೇ ಮೊದಲು.

ಡಾಕ್ಟರ್ ಚನ್ನವೀರಪ್ಪನವರ ಮನೆ ಮಲ್ಲೇಶ್ವರದ ಕಡೆ. ಭಾನುವಾರ ಆ ಬಯಲಲ್ಲಿ ಒಂದು ಜಟಕಾ ಸಿಗುವುದಿಲ್ಲ. ಎಲ್ಲರ ಕಣ್ಣೂ ಕಾರಿನ ಮೇಲೆ ಹೋಯಿತು. ಲಕ್ಷ್ಮೀಪತಿ ನಟ್ಟು ಬಿಗಿದು, ಕೈ ಒರೆಸಿಕೊಂಡು, "ಓಡತ್ತೆ ಸಾರ್. ಹರಳೆಣ್ಣೇಲಿ ನಿಲ್ಲತ್ತೋ ಇಲ್ವೋ, ನನ್ನ ಸರ್ವೀಸಿನಲ್ಲಿ ನೋಡಿಲ್ಲ," ಎಂದ.

"ನಿಲ್ಲದೇ ಇದ್ರೂ ಪರವಾಗಿಲ್ಲ ಕಣ್ರೀ, ಹೊರಡಿ," ಎಂದಳು ಸತ್ಯವತಿ. ಆ ಮನೆಯಲ್ಲಿ ಅವಳ ಮಾತು ಅಷ್ಟು ಜೋರಾಗಿ ಹಿಂದೆಂದೂ ಕೇಳಿರಲಿಲ್ಲ.

ಮುಂದೆ ಸೇತುರಾಮ, ಪಕ್ಕದಲ್ಲಿ ಮಗಳನ್ನು ತಬ್ಬಿಕೊಂಡ ಸತ್ಯವತಿ. ಹಿಂದೆ ಅತ್ತೆಯವರು. ಅವರ ಪಕ್ಕದಲ್ಲಿ, ಯಾರೂ ಕರೆಯದಿದ್ದರೂ, ವಿಮಲಮ್ಮ. ಹೊರಗಿನ ಮೆಟ್ಟಲಿನ ಮೇಲೆ ನಿಂತವನು ಲಕ್ಷ್ಮೀಪತಿ. ಕಾರು ಬೀದಿ ಬಿಟ್ಟು, ಗಿರಣಿಯ ಏರು ಹತ್ತಿ, ಆಚೆಯ ಇಳಿಜಾರಿಗೆ ಬಂತು.

ಆ ಕಡೆಯ ರಸ್ತೆಯಲ್ಲಿ ಹೋಗುತ್ತೇನೆಂದಿದ್ದ ಮುನಿವೆಂಕಟಪ್ಪ, ಕಾರು ಇನ್ನೂ ರಿಪೇರಿಯಲ್ಲಿದೆ ಎಂಬ ಧೈರ್ಯದಿಂದ ಈ ಕಡೆಯ ರಸ್ತೆಯಲ್ಲೇ ಎಮ್ಮೆಗಳನ್ನು ಹೊಡೆದುಕೊಂಡು ಬರುತ್ತಿದ್ದ. ಇಳಿಜಾರಿನ ಬುಡದಲ್ಲಿ ಎಮ್ಮೆಗಳು ರಸ್ತೆಗೆ ಅಡ್ಡ ನಿಂತು ಮುಂದೇನು ಮಾಡುವುದೆಂದು ಯೋಚಿಸುತ್ತಿದ್ದವು.

"ಎಮ್ಮೆ! ಎಮ್ಮೆ!" ಎಂದು ವಿಮಲಮ್ಮ ಕೂಗಿದರು.

ಸೇತುರಾಮ ಹಳೆಯ ಅಭ್ಯಾಸದಂತೆ ಎರಡೂ ಕಾಲನ್ನು ಬ್ರೇಕಿನ ಮೇಲಿಟ್ಟು, ಸೀಟಿನಿಂದ ಎದ್ದು, ಮೈಭಾರವನ್ನೆಲ್ಲ ಬಿಟ್ಟು ತುಳಿದ.

ಕಾರು ನಿಂತಿತು. ಹಾಗೆಂದರೆ ಸಾಲದು. ಕಾರು ಗೋಡೆಯ ಮೇಲೆ ಬರೆದ ಚಿತ್ರದ ಹಾಗೆ ನಿಂತಿತು. ಕಾರಿನಲ್ಲಿದ್ದವರು ನಿಲ್ಲಲಿಲ್ಲ. ಅತ್ತೆಯವರ ನಸ್ಯದ ಡಬ್ಬಿ ಮುಚ್ಚಳ ಹಾರಿ ಎಲ್ಲರ ಮೇಲೂ ಬಿತ್ತು. ಲಕ್ಷ್ಮೀಪತಿ ಮೆಟ್ಟಲಿನಿಂದ ಹಾರಿ ಮುಂದಿನ ಎಮ್ಮೆಯ ಕತ್ತನ್ನು ತಬ್ಬಿಕೊಂಡ. ಎಮ್ಮೆ ಅವನನ್ನು ನೋಡಿ ಮೆಲುಕು ಹಾಕುವುದನ್ನು ನಿಲ್ಲಿಸಿತು.

ಮುನಿವೆಂಕಟಪ್ಪ ಕೋಲು ಕೆಳಗಿಟ್ಟು ಕಾರಿಗೆ ಕೈಮುಗಿದ. "ನಿಂತ್ಕೊಂಬುಡ್ತಲ್ಲ ಸೋಮಿ! ಏನ್ ಎಣ್ಣೆ ಅದು?"

"ಹರಳೆಣ್ಣೆ!" ಎಂದು ಲಕ್ಷ್ಮೀಪತಿ ಎಮ್ಮೆಯ ಕತ್ತಿನಿಂದ ಕೂಗಿದ.

"ಹಂಗಾದ್ರೆ ನಮ್ ಗಾಡಿ ಯಾಕ್ ಓಡ್ತಾ ಐತೆ?"

ಕಾರಿನೊಳಗೆ ನಸ್ಯ ಮೂಗಿಗೇರಿತ್ತು. ಎಲ್ಲರೂ ಸೀನುತ್ತಿದ್ದರು.

ಮುಂದೆ ಮಲ್ಲೇಶ್ವರದ ದಾರಿಯ ಸರ್ಕಲ್ಲು. ಅಲ್ಲಿ ನಿಲ್ಲುವ ಪೊಲೀಸಿನವನು ಚಿಕ್ಕಹನುಮಯ್ಯ. ಅವನಿಗೂ ಈ ಕಾರಿಗೂ ಹಳೆಯ ಪರಿಚಯ. ದಿನವೂ ಅವನು ಕೈ ಅಡ್ಡ ಹಿಡಿಯುತ್ತಿದ್ದ, ಕಾರು ಹೋಗಿಯೇಬಿಡುತ್ತಿತ್ತು, ಹೋಗುವಾಗ ಸೇತುರಾಮ ಕ್ಷಮೆಗಾಗಿ ಒಂದು ಕೈಯಲ್ಲಿ ನಮಸ್ಕಾರ ಮಾಡುತ್ತಿದ್ದ. ಬರಬರುತ್ತಾ ಚಿಕ್ಕಹನುಮಯ್ಯ ಕೈ ಅಡ್ಡ ಹಿಡಿಯುವುದು, ಪಕ್ಕಕ್ಕೆ ಹಾರುವುದು, ಎರಡನ್ನೂ ಒಂದೇ ಕೆಲಸವಾಗಿ ರೂಢಿಸಿಕೊಂಡಿದ್ದ. ಅಂದೂ ಕೈ ಹಿಡಿದ, ಹಾರಿದ. ಚರಂಡಿಯ ಅಂಚಿನಿಂದ ತಿರುಗಿ ನೋಡಿದರೆ ಕಾರು ನಿಂತಿದೆ.

ಚಿಕ್ಕಹನುಮಯ್ಯ ಟೋಪಿ ಸರಿಮಾಡಿಕೊಂಡು ಕಾರನ್ನು ಒಂದು ಸುತ್ತು ಹಾಕಿದ.

"ನೀವೇ ನಿಲ್ಲಿಸಿದ್ರಾ ಸ್ವಾಮಿ, ಇಲ್ಲಾ ಕೆಟ್ಟು ನಿಂತಿದ್ಯಾ?"

"ನಾನೇ ನಿಲ್ಲಿಸ್ದೆ," ಎಂದ ಸೇತುರಾಮ, ಸೀನುತ್ತಾ.

"ಹಾಗಾದ್ರೆ ಇಳೀರಿ ಕೆಳಗೆ. ನಿಮಗೆ ಹೇ‍ಳ್ಬೇಕು ಅಂತ ಇಷ್ಟು ದಿನ ಇಟ್ಕೊಂಡಿರೋ ಮಾತೆಲ್ಲ ಹೇಳ್ಬಿಡ್ತೀನಿ."

ಸತ್ಯವತಿ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಅಣ್ಣಾ, ನಿಮ್ಮ ದಮ್ಮಯ್ಯ. ಬರ್ತಾ ಎಷ್ಟು ಬೇಕಾದ್ರೂ ಬೈರಿ. ಎಣ್ಣೆ ಸೀಸೆ ಅದಲು ಬದಲಾಗಿ ಮಗು ಬ್ರೇಕಿಗೆ ಹಾಕೋ ಎಣ್ಣೆ ಕುಡಿದುಬಿಟ್ಟಿದೆ. ಡಾಕ್ಟರ ಮನೆಗೆ ಹೋಗ್ಬೇಕು."

ಚಿಕ್ಕಹನುಮಯ್ಯನ ಮುಖದಲ್ಲಿದ್ದ ಕೋಪ ಇಳಿಯಿತು. ಅವನಿಗೂ ಮನೆಯಲ್ಲಿ ಮಕ್ಕಳಿದ್ದರು. ಆದರೆ ಪೊಲೀಸಿನವನ ಬುದ್ಧಿ. ಒಮ್ಮೆ ಮಗುವನ್ನು, ಒಮ್ಮೆ ಕಾರನ್ನು ನೋಡಿದ.

"ಬ್ರೇಕಿನ ಎಣ್ಣೆ ಮಗು ಕುಡಿದಿದ್ರೆ, ಕಾರು ಹೆಂಗಮ್ಮಾ ನಿಂತ್ಕೊಳ್ತು?"

ಆ ದಿನ ಕೇಳಿದ ಪ್ರಶ್ನೆಗಳಲ್ಲೆಲ್ಲ ಅದೊಂದೇ ಸರಿಯಾದ ಪ್ರಶ್ನೆ. ಆದ್ದರಿಂದ ಯಾರೂ ಅದಕ್ಕೆ ಕಿವಿಗೊಡಲಿಲ್ಲ. ಚಿಕ್ಕಹನುಮಯ್ಯನೂ ಮೆಟ್ಟಲು ಹತ್ತಿ ಲಕ್ಷ್ಮೀಪತಿಯ ಪಕ್ಕ ನಿಂತು ಸೀಟಿ ಊದತೊಡಗಿದ. ದಾರಿಯಲ್ಲಿ ಜನ ಪಕ್ಕಕ್ಕೆ ಸರಿದು, ಯಾರೋ ದೊಡ್ಡ ಮನುಷ್ಯರು ಹೋಗುತ್ತಿದ್ದಾರೆಂದು ನಿಂತು ನೋಡಿದರು. ಬೇರೆ ದಿನವಾಗಿದ್ದರೆ ಸೇತುರಾಮನಿಗೆ ಅದು ಜನ್ಮ ಸಾರ್ಥಕವಾಗುವ ಗಳಿಗೆ. ಅಂದು ಅವನಿಗೆ ರಸ್ತೆಯೇ ಸರಿಯಾಗಿ ಕಾಣುತ್ತಿರಲಿಲ್ಲ.

ಸತ್ಯವತಿ ಮಗಳ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡೇ ಇದ್ದಳು. ನಳಿನಿ ಮಾತ್ರ ಬಗ್ಗಿ ಬಗ್ಗಿ ಅಪ್ಪನ ಕಾಲ ಕೆಳಗಿನ ಹಲಗೆಯನ್ನು ನೋಡುತ್ತಿದ್ದಳು.

"ಅಮ್ಮಾ, ನಾನೊಂದು ಕೇಳ್ಲಾ?"

"ಮಾತಾಡ್ಬೇಡ ಬಂಗಾರ, ಆಯಾಸ ಆಗತ್ತೆ."

ಡಾಕ್ಟರ್ ಚನ್ನವೀರಪ್ಪನವರು ಭಾನುವಾರದ ಎಣ್ಣೆಸ್ನಾನಕ್ಕೆಂದು ಮೈಗೆಲ್ಲ ಎಣ್ಣೆ ಹಚ್ಚಿಕೊಂಡು, ತುಂಡುಪಂಚೆಯಲ್ಲಿ ನೆನೆಯುತ್ತಾ ಕೂತಿದ್ದರು. ಸೀಟಿಯ ಸದ್ದಿಗೆ ಬಾಗಿಲು ತೆಗೆದರೆ ಎದುರಿಗೆ ಪೊಲೀಸು, ಅವನ ಹಿಂದೆ ಸೀನುವ ಒಂದು ದಂಡು.

"ಮಗು ಎಣ್ಣೆ ಕುಡಿದಿದೆ ಡಾಕ್ಟ್ರೇ!" "ಬ್ರೇಕಿನದು!" "ನಿಮ್ಮ ಸೀಸೇದು!" "ನಾಲಿಗೆ ಸತ್ತುಹೋಗಿದೆ!" "ಸಾರ್, ಅದು ಅಂಟು, ನನ್ನದು ನೀರು!"

"ಒಬ್ಬೊಬ್ರೇ," ಎಂದರು ಡಾಕ್ಟರು. ಕೊನೆಗೆ ಸತ್ಯವತಿಯೊಬ್ಬಳಿಂದ ಎಲ್ಲವನ್ನೂ ಕೇಳಿ ತಿಳಿದರು. ಸಂಜೆ ಹಲಗೆಯ ಮೇಲಿಟ್ಟ ಸೀಸೆಯಿಂದ ಹಿಡಿದು ಬಚ್ಚಲಲ್ಲಿ ಒಡೆದ ಸೀಸೆಯವರೆಗೆ ಅವಳು ಸಮಾಧಾನವಾಗಿ ಹೇಳಿದಳು. ಡಾಕ್ಟರು ನಳಿನಿಯನ್ನು ಮೇಜಿನ ಮೇಲೆ ಕೂರಿಸಿ ಕಣ್ಣಿನ ರೆಪ್ಪೆ ಎತ್ತಿ ನೋಡಿದರು, ನಾಲಿಗೆ ನೋಡಿದರು, ಬಾಯಿಯ ಹತ್ತಿರ ಮೂಗು ತಂದರು, ಹೊಟ್ಟೆ ಒತ್ತಿದರು. ನಳಿನಿ ಕಿಲಕಿಲ ನಕ್ಕಳು. ನಕ್ಕು, ಮೇಜಿನ ಮೇಲಿದ್ದ ಬಿಸ್ಕತ್ತಿನ ಡಬ್ಬಿಯ ಕಡೆ ನೋಡಿದಳು.

"ಬೆಳಿಗ್ಗೆಯಿಂದ ಹೊರಗೆ ಹೋಗಿದ್ಯಾ ಮಗು?"

"ಒಂದು ಸಾರೀನೂ ಇಲ್ಲ," ಎಂದರು ಅತ್ತೆಯವರು.

ಡಾಕ್ಟರು ಒಂದು ಬಿಸ್ಕತ್ತು ತೆಗೆದು ಕೊಟ್ಟರು. ನಳಿನಿ ತಿಂದಳು. ಇನ್ನೊಂದು ಕೊಟ್ಟರು. ಅದನ್ನೂ ತಿಂದಳು. ದಂಡು ಉಸಿರು ಬಿಗಿಹಿಡಿದು ನೋಡುತ್ತಿತ್ತು.

"ನೋಡಿ," ಎಂದರು ಡಾಕ್ಟರು, ಕಿವಿಯಿಂದ ಇಳಿಯುತ್ತಿದ್ದ ಎಣ್ಣೆಯನ್ನು ಒರೆಸಿಕೊಳ್ಳುತ್ತಾ. "ಈ ಮಗು ಹರಳೆಣ್ಣೆ ಕುಡಿದಿದ್ರೆ ಇಷ್ಟು ಹೊತ್ತಿಗೆ ಕೂರಕ್ಕೆ ಪುರುಸೊತ್ತು ಇರ್ತಿರ್ಲಿಲ್ಲ. ಆ ಇನ್ನೊಂದು ಎಣ್ಣೆ ಕುಡಿದಿದ್ರೆ ನನ್ನ ಬಿಸ್ಕತ್ತು ಕೇಳ್ತಿರ್ಲಿಲ್ಲ. ಇವಳು ಏನೂ ಕುಡಿದಿಲ್ಲ. ಹಸಿವು ಒಂದು ಬಿಟ್ರೆ ಏನೂ ಕಾಯಿಲೆ ಇಲ್ಲ. ಕರ್ಕೊಂಡು ಹೋಗಿ ಊಟ ಹಾಕಿ."

ಸತ್ಯವತಿ ಗೋಡೆಗೆ ಒರಗಿದಳು. ಅತ್ತೆಯವರು ಮನೆದೇವರಿಗೂ ಡಾಕ್ಟರಿಗೂ ಒಟ್ಟಿಗೇ ಕೈಮುಗಿದರು. ಸೇತುರಾಮ ಸಂತೋಷ ತಡೆಯಲಾರದೆ ಚಿಕ್ಕಹನುಮಯ್ಯನನ್ನು ತಬ್ಬಿಕೊಂಡ. ಚಿಕ್ಕಹನುಮಯ್ಯನೂ ಬೈಯಬೇಕೆಂದಿದ್ದ ಮಾತುಗಳನ್ನೆಲ್ಲ ಮರೆತು ಅವನ ಬೆನ್ನು ತಟ್ಟಿದ.

ಮೊದಲು ಎಚ್ಚೆತ್ತವರು ವಿಮಲಮ್ಮ. "ಏನೂ ಕುಡೀಲಿಲ್ಲ ಅಂದ್ರೆ ಒಳಲೆಯಲ್ಲಿದ್ದ ಎಣ್ಣೆ ಎಲ್ಲಿ ಹೋಯ್ತು?"

"ಒಳಲೆಯೇ ಎಲ್ಲಿ ಹೋಯ್ತು?" ಎಂದರು ಅತ್ತೆಯವರು.

ಎಲ್ಲರೂ ನಳಿನಿಯ ಕಡೆ ತಿರುಗಿದರು. ನಳಿನಿ ಮೂರನೆಯ ಬಿಸ್ಕತ್ತನ್ನು ಅರ್ಧಕ್ಕೇ ನಿಲ್ಲಿಸಿದಳು. ಸತ್ಯವತಿ ಆಗ ಗಮನಿಸಿದಳು. ಫ್ರಾಕಿನ ಜೇಬಿನ ಸುತ್ತ ಅಗಲವಾದ ಎಣ್ಣೆಯ ಕಲೆ. ಕೈ ಹಾಕಿದರೆ ಬೆಳ್ಳಿ ಒಳಲೆ.

"ಇದರಲ್ಲಿದ್ದಿದ್ದು ಎಲ್ಲಿ ಹಾಕ್ದೆ ಕಂದಾ?"

ನಳಿನಿ ಬೆರಳು ಎತ್ತಿ ಕಿಟಕಿಯ ಹೊರಗೆ ತೋರಿಸಿದಳು. ಅಲ್ಲಿ ಬೇವಿನ ಮರದ ನೆರಳಿನಲ್ಲಿ ಕಾರು ನಿಂತಿತ್ತು.

ಲಕ್ಷ್ಮೀಪತಿ ಹಣೆ ಬಡಿದುಕೊಂಡ. "ಮುಚ್ಚಳ ತೆಗೆದು ಹೋಗಿದ್ನಲ್ಲ ಸಾರ್! ನನ್ನ ಎಣ್ಣೆ ಮೇಲೆ ಒಳಲೆ ಎಣ್ಣೆ ಹುಯ್ದಿದೆ ಮಗು. ಅದಕ್ಕೇ ತುಳುಕ್ತಾ ಇತ್ತು, ಮೇಲೆ ಅಂಟು ಇತ್ತು!"

"ಅಂದ್ರೆ," ಎಂದ ಸೇತುರಾಮ ನಿಧಾನವಾಗಿ, "ಬೆಳಿಗ್ಗೆ ನಾನು ಕೊಟ್ಟಿದ್ದು ಸರಿಯಾದ ಸೀಸೆನೇ?"

"ಸರಿಯಾದ ಸೀಸೆನೇ ಸಾರ್."

ಸೇತುರಾಮ ಎದೆಯುಬ್ಬಿಸಿ ಸುತ್ತಲೂ ನೋಡಿದ. ಬದುಕಿನಲ್ಲಿ ಒಂದು ಸಲ ಸರಿಯಾದ ಕೆಲಸ ಮಾಡಿದ್ದ. ಅದನ್ನು ಎಲ್ಲರಿಗಿಂತ ಮೊದಲು ನಂಬದೇ ಹೋದವನು ತಾನೇ. ವಿಮಲಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದರು. ಅತ್ತೆಯವರಿಗೆ ನಗಬೇಕೋ ಬೈಯಬೇಕೋ ತಿಳಿಯದೆ, ಒಳಲೆಯನ್ನು ಸೆರಗಿನಿಂದ ಒರೆಸುತ್ತಾ ನಿಂತರು.

ನಳಿನಿಯ ಕೆಳತುಟಿ ಮುಂದೆ ಬರತೊಡಗಿತು. ಸತ್ಯವತಿ ಅವಳ ಮುಂದೆ ಕೂತು ಹಣೆಯ ಮೇಲಿನ ಕೂದಲು ಹಿಂದಕ್ಕೆ ಸರಿಸಿದಳು.

"ಯಾರೂ ಬೈಯಲ್ಲ ಬಂಗಾರ. ಬೆಳಿಗ್ಗೆಯಿಂದ ಏನೋ ಕೇಳ್ಬೇಕು ಅಂತಿದ್ಯಲ್ಲ, ನಾವೇ ಬಿಡ್ಲಿಲ್ಲ. ಈಗ ಕೇಳು."

ಡಾಕ್ಟರು, ಪೊಲೀಸಿನವನು, ಮೆಕ್ಯಾನಿಕ್ಕು ಎಲ್ಲರೂ ಹತ್ತಿರ ಬಂದು ಬಗ್ಗಿದರು. ನಳಿನಿ ಕಿಟಕಿಯ ಹೊರಗೆ ನೋಡಿದಳು. ಅಷ್ಟು ಹೊತ್ತು ತುಂಬಿ ತುಳುಕುತ್ತಾ ಬಂದ ಡಬ್ಬಿಯ ಎಣ್ಣೆ ಕಾರಿನ ಅಡಿಯಿಂದ ತೊಟ್ಟು ತೊಟ್ಟಾಗಿ ಮಣ್ಣಿಗೆ ಬೀಳುತ್ತಿತ್ತು. ಅವಳ ಕಣ್ಣು ದೊಡ್ಡದಾಯಿತು.

"ಅಮ್ಮಾ," ಎಂದಳು, "ಕಾರಿಗೂ ಭೇದಿ ಶುರುವಾಯ್ತಾ?"